ರೆಟ್ರೋಆರ್ಚ್ ಅಪ್‌ಡೇಟ್ ಮಾಡುವ ಮುಂಚೆ ಬಟನ್ ಸೆಟ್ಟಿಂಗ್ ಎತ್ತಿಡಿ

ಹೊಸ ವರ್ಷನ್ ಹಾಕಿದರೆ ಗೇಮ್ ಪ್ಯಾಡಿನ ಬಟನ್‌ಗಳು ಮತ್ತೆ ಅದಲುಬದಲಾಗುತ್ತವಾ ಅಂತ ಕೇಳಿದ್ದೀರಿ. ವಿಂಡೋಸ್ ಲ್ಯಾಪ್‌ಟಾಪು, ರೆಟ್ರೋಆರ್ಚ್ (ಹಳೇ ವಿಡಿಯೋ ಗೇಮ್‌ಗಳನ್ನು ಆಡಿಸುವ ಸಾಫ್ಟ್‌ವೇರ್), ಎರಡು ಅಗ್ಗದ ಯುಎಸ್‌ಬಿ ಪ್ಯಾಡ್ ಅಂದಿರಿ. ನಮ್ಮ ಮನೆಯಲ್ಲೂ ಇದೇ ಇರೋದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲಿಗೆ, ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ರೆಟ್ರೋಆರ್ಚ್ ಮುಚ್ಚಿ, ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿ, ಹೆಸರಿನ ಕೊನೆಗೆ ತಾರೀಖು ಹಾಕಿಡಿ. ಜಾಗ ಸಾಲದಿದ್ದರೆ ರೆಟ್ರೋಆರ್ಚ್ ಡಾಟ್ ಸಿಎಫ್‌ಜಿ ಅನ್ನೋ ಮುಖ್ಯ ಸೆಟ್ಟಿಂಗ್ ಫೈಲು, ಜೊತೆಗೆ ಕಾನ್ಫಿಗ್, ಆಟೋಕಾನ್ಫಿಗ್, ಸೇವ್ಸ್, ಸ್ಟೇಟ್ಸ್ ಫೋಲ್ಡರ್‌ಗಳು, ಇಷ್ಟಿದ್ದರೂ ನಡೆಯುತ್ತದೆ.

ಬಟನ್ ಸೆಟ್ಟಿಂಗ್ ಒಂದೇ ಕಡೆ ಇರುವುದಿಲ್ಲ. ತೊಂದರೆ ಶುರುವಾಗೋದೇ ಇಲ್ಲಿಂದ. ಪ್ಯಾಡ್ ಚುಚ್ಚಿದ ಕೂಡಲೇ ರೆಟ್ರೋಆರ್ಚ್ ಅದನ್ನು ಗುರುತಿಸುವುದು ಆಟೋಕಾನ್ಫಿಗ್ ಫೋಲ್ಡರಿನ ಒಂದು ಫೈಲಿನ ಸಹಾಯದಿಂದ. ಇದಕ್ಕೇ ಪ್ರೊಫೈಲ್ ಅನ್ನೋದು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ಯಾಡಿನ ಹೆಸರು, ವೆಂಡರ್ ನಂಬರ್ (ತಯಾರಕರ ಗುರುತು), ಪ್ರಾಡಕ್ಟ್ ನಂಬರ್ (ಮಾದರಿಯ ಗುರುತು), ಆಮೇಲೆ ಯಾವ ಬಟನ್ನಿಗೆ ಯಾವ ಸಂಖ್ಯೆ ಅಂತ ಸಾಲಾಗಿ ಇರುತ್ತದೆ. ನನ್ನ ಪ್ಯಾಡಿನ ವೆಂಡರ್ 121, ಪ್ರಾಡಕ್ಟ್ 6. ಅಗ್ಗದ ಪ್ಯಾಡ್‌ಗಳಲ್ಲಿ ಬೇಕಾದಷ್ಟು ಇದೇ ನಂಬರ್ ಹೊತ್ತು ಬರುತ್ತವೆ, ಬಟನ್‌ಗಳ ಲೆಕ್ಕ ಮಾತ್ರ ಒಂದೊಂದರದ್ದು ಒಂದೊಂದು ಥರ. ಹಾಗಾಗಿ ರೆಡಿ ಪ್ರೊಫೈಲ್ ನಿಮ್ಮದಕ್ಕೆ ಹೊಂದದೇ ಇರಬಹುದು.

ನೀವು ಕೂತು ಸರಿಮಾಡಿ 'ಸೇವ್ ಕಂಟ್ರೋಲರ್ ಪ್ರೊಫೈಲ್' ಒತ್ತಿದರೆ ಅದು ಹೋಗಿ ಕೂರುವುದೂ ಇದೇ ಫೋಲ್ಡರಿನಲ್ಲಿ. ಆಮೇಲೆ ಆನ್‌ಲೈನ್ ಅಪ್‌ಡೇಟರ್‌ಗೆ ಹೋಗಿ ಸುಮ್ನೆ 'ಅಪ್‌ಡೇಟ್ ಕಂಟ್ರೋಲರ್ ಪ್ರೊಫೈಲ್ಸ್' ಒತ್ತಿದಿರೋ, ಅದೇ ಹೆಸರಿನ ಫೈಲ್ ಬಂದು ನಿಮ್ಮದನ್ನು ಅಳಿಸಿಬಿಡುತ್ತದೆ. ನನಗೆ ಗೊತ್ತಾಗಿದ್ದು ತಮ್ಮನ ಜೊತೆ ಕಾಂಟ್ರಾ ಆಡಲು ಕೂತಾಗ. ಹಾರುವ ಬಟನ್ ಒತ್ತಿದರೆ ಗುಂಡು ಹಾರುತ್ತಿತ್ತು! ಪ್ಯಾಡ್ ಈಗಾಗಲೇ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆ ಒಂದು ಆಯ್ಕೆಯನ್ನು ಮುಟ್ಟಲೇಬೇಡಿ.

ಯಾವ ಬಟನ್ನಿಗೆ ಹಾರಬೇಕು, ಯಾವುದಕ್ಕೆ ಸುಡಬೇಕು ಅನ್ನೋ ನಿಮ್ಮ ಇಷ್ಟದ ಬದಲಾವಣೆಗಳನ್ನು ರೀಮ್ಯಾಪ್‌ನಲ್ಲಿ, ಅಂದರೆ ಬಟನ್ ಅದಲುಬದಲನ್ನು ಬೇರೆಯಾಗಿ ಬರೆದಿಡುವ ಫೈಲಿನಲ್ಲಿ ಇಡಿ. ಗೇಮ್ ಓಡುತ್ತಿರುವಾಗ ಕ್ವಿಕ್ ಮೆನು, ಕಂಟ್ರೋಲ್ಸ್, ಮ್ಯಾನೇಜ್ ರೀಮ್ಯಾಪ್ ಫೈಲ್ಸ್, ಅಲ್ಲಿ 'ಸೇವ್ ಕೋರ್ ರೀಮ್ಯಾಪ್ ಫೈಲ್'. ಇದು ಕಾನ್ಫಿಗ್ ಒಳಗಿನ ರೀಮ್ಯಾಪ್ಸ್ ಫೋಲ್ಡರಿನಲ್ಲಿ, ಕೋರ್ (ರೆಟ್ರೋಆರ್ಚ್ ಒಳಗೆ ಗೇಮನ್ನು ಓಡಿಸುವ ಭಾಗ) ಹೆಸರಿನಲ್ಲಿ ಉಳಿಯುತ್ತದೆ. ಪ್ರೊಫೈಲ್ ಅಪ್‌ಡೇಟ್ ಇದರ ತಂಟೆಗೆ ಬರಲ್ಲ. ಕೋರ್ ಬದಲಿಸಿದರೆ ಮಾತ್ರ ಮತ್ತೆ ಮಾಡಬೇಕು.

ಅಪ್‌ಡೇಟ್ ಕೆಲಸ ಇದ್ದಿದ್ದೇ ಇಷ್ಟು: ಡೌನ್‌ಲೋಡ್ ಜಾಗದಲ್ಲಿ ಪೂರ್ತಿ ಪ್ಯಾಕೇಜ್ ಪಕ್ಕದಲ್ಲೇ ಅಪ್‌ಡೇಟ್ ಅನ್ನೋ ಚಿಕ್ಕ ಪ್ಯಾಕೇಜ್ ಇರುತ್ತದೆ. ಅದನ್ನು ಇಳಿಸಿ, ಹಳೇ ಫೋಲ್ಡರಿನ ಮೇಲೇ ಬಿಚ್ಚಿ.

ಕೋರ್‌ಗಳನ್ನೂ ಹೊಸದು ಮಾಡುವುದಾದರೆ ಮೊದಲು ಗೇಮ್ ಒಳಗಿನ ಸೇವ್ ಮಾಡಿಕೊಳ್ಳಿ. ಕೋರ್ ವರ್ಷನ್ ಬದಲಾದರೆ ಹಳೇ ಸೇವ್ ಸ್ಟೇಟ್ (ಆಟವನ್ನು ಇದ್ದ ಕ್ಷಣದಲ್ಲೇ ರೆಟ್ರೋಆರ್ಚ್ ಹಿಡಿದಿಟ್ಟ ಫೈಲ್) ಕೆಲವೊಮ್ಮೆ ತೆರೆಯುವುದಿಲ್ಲ.

ಆಮೇಲೂ ಬಟನ್ ಎಡವಟ್ಟಾಗಿದ್ದರೆ ಡ್ರೈವರ್ಸ್ ಮೆನುವಿನಲ್ಲಿ ಕಂಟ್ರೋಲರ್ ಸಾಲು ನೋಡಿ. ಡಿಇನ್‌ಪುಟ್, ಎಕ್ಸ್‌ಇನ್‌ಪುಟ್ ಅನ್ನೋವು ವಿಂಡೋಸ್ ಪ್ಯಾಡನ್ನು ಓದುವ ಎರಡು ವಿಧಾನ; ಡಿಇನ್‌ಪುಟ್ ಇದ್ದದ್ದು ಎಕ್ಸ್‌ಇನ್‌ಪುಟ್ ಆಗಿದ್ದರೆ ವಾಪಸ್ ಬದಲಿಸಿ. ಅದೂ ಸರಿಯಿದ್ದರೆ ಎತ್ತಿಟ್ಟ ಫೈಲ್‌ಗಳನ್ನು ವಾಪಸ್ ಹಾಕಿ. ಹಾಕುವಾಗ ರೆಟ್ರೋಆರ್ಚ್ ಮುಚ್ಚಿರಲಿ. ತೆರೆದಿದ್ದರೆ ಮುಚ್ಚುವ ಹೊತ್ತಿಗೆ ಅದು ತನ್ನ ಸೆಟ್ಟಿಂಗನ್ನೇ ಸಿಎಫ್‌ಜಿ ಫೈಲಿಗೆ ಮತ್ತೆ ಬರೆದುಬಿಡುತ್ತದೆ.