ಪಾಸ್‌ಪೋರ್ಟ್ ಮೊದಲು ನಿನ್ನ ಕೈಗೆ ಬರಲಿ

ತಂಗಿ,

ಯುಎಇಯ (ಸಂಯುಕ್ತ ಅರಬ್ ಎಮಿರೇಟ್ಸ್) ಅಜ್ಮಾನ್‌ನಲ್ಲಿ ಮನೆಕೆಲಸ, ತಿಂಗಳಿಗೆ 1,500 ದಿರ್ಹಮ್, ಊಟ ವಸತಿ ಅವರದೇ, ಮೊದಲು ವಿಸಿಟ್ ವೀಸಾದಲ್ಲಿ ಬಂದರೆ ಸಾಕು, ಕೆಲಸದ ವೀಸಾ ಇಲ್ಲಿ ಮಾಡಿಸಿಕೊಡುತ್ತೇವೆ ಎಂದು ಏಜೆಂಟ್ ಹೇಳಿರುವುದಾಗಿ ಬರೆದಿದ್ದೀಯ. ನಿನಗೆ 26 ವರ್ಷ, ಓದಿರುವುದು ಎಂಟನೇ ತರಗತಿಯವರೆಗೆ, ಪಾಸ್‌ಪೋರ್ಟ್ ಈಗಾಗಲೇ ಅವನ ಬಳಿ ಇದೆ. ‘ನನ್ನಿಂದ ಒಂದು ಪೈಸೆಯನ್ನೂ ಕೇಳಿಲ್ಲ ಅಕ್ಕ, ಒಳ್ಳೆಯ ಮನುಷ್ಯ. ಅಲ್ಲಿನ ಜೀವನ ಹೇಗೆ, ಹಣ ಉಳಿಯುತ್ತದೆಯೇ?’ ಎಂದು ಕೇಳಿದ್ದೀಯ.

ಜೀವನ ಹೇಗೆ ಎಂಬುದಕ್ಕೆ ಉತ್ತರ ಚಿಕ್ಕದು. ಸರಿಯಾದ ಕಾಗದಪತ್ರಗಳೊಂದಿಗೆ ಬಂದು, ಒಳ್ಳೆಯ ಮನೆ ಸಿಕ್ಕವರು ಸಾಲ ತೀರಿಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಅದೇ ದೇಶದ ಶಾರ್ಜಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ನಾನು ಅಂಥವರನ್ನು ದಿನವೂ ನೋಡುತ್ತೇನೆ. ಆದರೆ ನೀನು ಬರಲು ಹೊರಟಿರುವ ದಾರಿ ಅದಲ್ಲ. ಆ ಪೈಸೆಯ ಮಾತು ಓದಿದಾಗಲೇ ನನಗೆ ಹೆದರಿಕೆಯಾಯಿತು.

ಟಿಕೆಟ್‌ಗೆ, ವೀಸಾಕ್ಕೆ, ಏಜೆಂಟನ ಕಮಿಷನ್‌ಗೆ ಯಾರೋ ಒಬ್ಬರು ಹಣ ಕೊಟ್ಟೇ ಕೊಡುತ್ತಾರೆ. ಮನೆಕೆಲಸಕ್ಕೆ ಬರುವವರಿಂದ ನೇಮಕಾತಿ ಖರ್ಚು ವಸೂಲಿ ಮಾಡಬಾರದು ಎಂದು ಇಲ್ಲಿನ ಕಾನೂನೇ ಹೇಳುತ್ತದೆ, ಹಾಗಾಗಿ ಮಾಲೀಕ ಕೊಡುವುದು ತಪ್ಪಲ್ಲ. ಆದರೆ ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಬರುತ್ತಿದ್ದೀಯ ಎಂಬುದು ನಿನ್ನ ಹೆಸರಿನ ಒಪ್ಪಂದದಲ್ಲಿ ಇರಬೇಕು. ವಿಸಿಟ್ ವೀಸಾದಲ್ಲಿ ಬಂದವಳಿಗೆ ಅಂಥ ಒಪ್ಪಂದವೇ ಇರುವುದಿಲ್ಲ. ಅವಳನ್ನು ಒಂದು ಫ್ಲ್ಯಾಟಿನಲ್ಲಿ ಹತ್ತಾರು ಹೆಂಗಸರ ಜೊತೆ ಕೂರಿಸುತ್ತಾರೆ. ಮನೆಯವರು ಬಂದು ನೋಡಿ, ಆರಿಸಿ, ಏಜೆನ್ಸಿಗೆ ಹಣ ಎಣಿಸಿ ಕರೆದುಕೊಂಡು ಹೋಗುತ್ತಾರೆ. ಕೆಲವರನ್ನು ರಸ್ತೆಯ ಮೂಲಕವೇ ಒಮಾನ್‌ಗೆ ದಾಟಿಸುತ್ತಾರೆ. ಇಲ್ಲಿನ ಗಡಿಯ ಊರಾದ ಅಲ್ ಐನ್ ಪಕ್ಕದಲ್ಲೇ ಇರುವ ಬುರೈಮಿ ಒಮಾನಿನ ಊರು. ದುಬೈ ಎಂದು ವಿಮಾನ ಹತ್ತಿದವಳಿಗೆ ತಾನು ಯಾವ ದೇಶದಲ್ಲಿದ್ದೇನೆ ಎಂಬುದೂ ಗೊತ್ತಿಲ್ಲದ ಸ್ಥಿತಿ. ಮನೆಗೆ ಹೋಗುತ್ತೇನೆ ಎಂದರೆ ಬರುವ ಉತ್ತರ ಒಂದೇ: ನಿನಗಾಗಿ ಇಷ್ಟು ಕೊಟ್ಟಿದ್ದೇನೆ, ಅದನ್ನು ಕೊಟ್ಟು ಹೋಗು, ಇಲ್ಲವೇ ಎರಡು ವರ್ಷ ದುಡಿ. ತಾನು ಮಾಡದ ಸಾಲಕ್ಕೆ ಒತ್ತೆಯಾಗುವುದು ಜೀತವಲ್ಲದೆ ಇನ್ನೇನು? ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು 1976ರಲ್ಲೇ ಕಾನೂನು ಮಾಡಿ ರದ್ದುಪಡಿಸಿದ್ದಾರೆ. ಈಗ ಅದು ವಿಮಾನ ಹತ್ತಿ ಬರುತ್ತಿದೆ.

ಇಲ್ಲಿ ಬೀಗ ಜಡಿದು ಕೂಡಿಹಾಕುವ ಅಗತ್ಯವೂ ಬೀಳುವುದಿಲ್ಲ. ವಿಸಿಟ್ ವೀಸಾದ ಅವಧಿ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತಾ ಹೋಗುತ್ತದೆ. ‘ಹೊರಗೆ ಹೋದರೆ ಪೊಲೀಸರು ಹಿಡಿಯುತ್ತಾರೆ, ತಪ್ಪು ನಿನ್ನದೇ’ ಎಂದು ಹೆದರಿಸುತ್ತಾರೆ. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ, ಮೊಬೈಲ್ ಅವರ ಕೈಯಲ್ಲಿ, ಭಾಷೆ ಬಾರದು. ಸಂಬಳ ಕೇಳಿದರೆ ಎಲ್ಲವನ್ನೂ ಕೊನೆಯಲ್ಲಿ ಒಟ್ಟಿಗೆ ಕೊಡುತ್ತೇವೆ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯನ್ನು ಗುರುತಿಸಲು 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಮೋಸ, ದಾಖಲೆ ಕಿತ್ತುಕೊಳ್ಳುವುದು, ಸಂಬಳ ತಡೆಯುವುದು, ಸಾಲದ ಹಂಗು, ಒಂಟಿಯಾಗಿಸುವುದು, ಬೆದರಿಕೆ ಎಲ್ಲವೂ ಅದರಲ್ಲಿವೆ. ಅದೇ ಸಂಘಟನೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದಾರೆ. ನಿನ್ನ ಏಜೆಂಟ್ ಆ 11 ಲಕ್ಷಣಗಳಲ್ಲಿ ಒಂದನ್ನು ಊರಿನಲ್ಲೇ ಶುರುಮಾಡಿಬಿಟ್ಟಿದ್ದಾನೆ. ಪಾಸ್‌ಪೋರ್ಟ್ ಅವನ ಬಳಿ ಏಕಿರಬೇಕು?

ಒಂದು ಸಂಗತಿ ಹೇಳುತ್ತೇನೆ. ಎದೆನೋವು ಎಂದು ಒಬ್ಬ ಹೆಂಗಸನ್ನು ಮನೆಯೊಡತಿ ನಮ್ಮ ಕ್ಲಿನಿಕ್ಕಿಗೆ ಕರೆತಂದಿದ್ದರು. ನಾವು ಕೇಳಿದ ಪ್ರತಿ ಪ್ರಶ್ನೆಗೂ ಒಡತಿಯದೇ ಉತ್ತರ. ರಕ್ತದೊತ್ತಡ ನೋಡಲು ಕೈ ಹಿಡಿದರೆ ಬೆರಳ ಸಂದುಗಳೆಲ್ಲ ಬ್ಲೀಚ್ ನೀರಿಗೆ ಬೆಂದು ಬಿರುಕುಬಿಟ್ಟಿದ್ದವು. ತೋಳಿಗೆ ಪಟ್ಟಿ ಬಿಗಿದಾಗ ‘ಅಯ್ಯೋ ಅಮ್ಮ’ ಎಂದಳು. ಇಸಿಜಿ ತೆಗೆಯಬೇಕು, ಹೊರಗೆ ಕುಳಿತಿರಿ ಎಂದು ಒಡತಿಯನ್ನು ಕಳುಹಿಸಿ, ಪರದೆ ಎಳೆದು ಕನ್ನಡದಲ್ಲಿ ಮಾತನಾಡಿಸಿದೆ. ಅವಳು ಅಳಲಿಲ್ಲ, ದೂರು ಹೇಳಲಿಲ್ಲ. ‘ಇವತ್ತು ತಾರೀಖು ಎಷ್ಟು?’ ಎಂದಳು. ಹೇಳಿದೆ. ಬೆರಳು ಮಡಚಿ ಎಣಿಸಿ, ವೀಸಾ ಮುಗಿದು ನಾಲ್ಕು ತಿಂಗಳಾಯಿತು ಎಂದಳು. ನಮ್ಮ ವೈದ್ಯರ ನೆರವಿನಿಂದ ವಿಷಯ ಭಾರತೀಯ ದೂತಾವಾಸಕ್ಕೆ ತಲುಪಿತು, ಕೆಲವು ವಾರಗಳ ನಂತರ ಅವಳು ಊರು ಸೇರಿದಳು. ಸಂಬಳದಲ್ಲಿ ಒಂದು ದಿರ್ಹಮ್ ಕೂಡ ಸಿಗಲಿಲ್ಲ. ಊರಿನಲ್ಲಿ ಜನ ಕೇಳಿದ್ದು, ‘ನೀನೇ ಒಪ್ಪಿಕೊಂಡು ಹೋದದ್ದಲ್ಲವೇ?’

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, ಮಾನವ ಕಳ್ಳಸಾಗಣೆ ತಡೆಯುವ ಪಲೆರ್ಮೊ ಒಡಂಬಡಿಕೆ ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುತ್ತದೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಕೂಡ ಮಾನವ ಕಳ್ಳಸಾಗಣೆಯಲ್ಲಿ ಸಂತ್ರಸ್ತರ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದೇ ಹೇಳುತ್ತದೆ. ನಾಳೆ ನಿನಗೋ ನಿನ್ನ ಗೆಳತಿಗೋ ಏನಾದರೂ ಆದರೆ ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡಿರಬೇಡಿ ಎಂದೇ ಇದನ್ನು ಬರೆದೆ.

ಇನ್ನು ನಿನ್ನ ವಿಷಯ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’, ಹೊರಡುವ ಮೊದಲು ಸರ್ಕಾರದ ತಪಾಸಣೆ ಬೇಕಾದದ್ದು. ಅಂಥವರು ಈ ದೇಶಕ್ಕೆ ಕೆಲಸಕ್ಕೆ ಬರಬೇಕಾದರೆ ವಲಸೆ ಇಲಾಖೆಯ ಅನುಮತಿ ಬೇಕು. ಮನೆಕೆಲಸಕ್ಕೆ ಬರುವ ಹೆಂಗಸಿಗೆ 30 ವರ್ಷ ತುಂಬಿರಬೇಕು, ನೇಮಕಾತಿ ಸರ್ಕಾರ ಗುರುತಿಸಿದ ರಾಜ್ಯ ಸಂಸ್ಥೆಗಳ ಮೂಲಕವೇ ನಡೆಯಬೇಕು. ಅಂದರೆ ಇವತ್ತಿನ ಮಟ್ಟಿಗೆ ನಿನಗೆ ಕಾನೂನಿನ ಬಾಗಿಲು ಮುಚ್ಚಿದೆ. ಅದಕ್ಕೇ ಅವನು ವಿಸಿಟ್ ವೀಸಾ ಎನ್ನುತ್ತಿದ್ದಾನೆ. ಈ ವಯಸ್ಸಿನ ನಿಯಮ ನನಗೂ ಒಪ್ಪಿಗೆಯಿಲ್ಲ. ಹೆಂಗಸರನ್ನು ಕಾಪಾಡಲೆಂದು ಮಾಡಿದ ನಿಯಮವೇ ಬಡವರ ಮನೆಯ ಹೆಣ್ಣುಮಕ್ಕಳನ್ನು ಕಳ್ಳದಾರಿಗೆ ತಳ್ಳುತ್ತಿದೆ. ಹಾಗೆಂದು ಆ ದಾರಿ ಹಿಡಿ ಎಂದು ನಾನು ಹೇಳಲಾರೆ. ಇಲ್ಲಿ ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದೇ ಅಪರಾಧ. ಹಾಗೆ ಕೆಲಸಕ್ಕಿಟ್ಟುಕೊಂಡವರಿಗೂ ದೊಡ್ಡ ದಂಡವಿದೆ. ನಿನ್ನನ್ನು ಬಚ್ಚಿಡಲು ಅವರಿಗೆ ಅದೂ ಒಂದು ಕಾರಣವಾಗುತ್ತದೆ.

ಏಜೆಂಟನ ಬಳಿ ಒಬ್ಬಳೇ ಹೋಗಬೇಡ, ಅಣ್ಣನನ್ನು ಕರೆದುಕೊಂಡು ಹೋಗು. ಬೇರೇನನ್ನೂ ಚರ್ಚಿಸದೆ ಮೊದಲು ಪಾಸ್‌ಪೋರ್ಟ್ ವಾಪಸು ಪಡೆ. ಕೊಡದಿದ್ದರೆ ನೇರವಾಗಿ ಠಾಣೆಗೆ ಹೋಗಿ ದೂರು ಕೊಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ. ಅವನ ನೋಂದಣಿ ಸಂಖ್ಯೆ ಕೇಳು. ಪರವಾನಗಿ ಇರುವ ಏಜೆಂಟರ ಹೆಸರುಗಳೆಲ್ಲ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿವೆ, ಅಣ್ಣನ ಮೊಬೈಲ್‌ನಲ್ಲೇ ನೋಡಬಹುದು. ನಿನ್ನ ಜೊತೆ ಇನ್ನೂ ಇಬ್ಬರು ಹೊರಟಿದ್ದಾರೆ ಎಂದು ಬರೆದಿದ್ದೀಯ. ಅವರಿಗೆ ಇದನ್ನು ಇವತ್ತೇ ಓದಿಸು. ಅವರಲ್ಲಿ ಯಾರಾದರೂ ಆಗಲೇ ವಿಮಾನ ಹತ್ತಿದ್ದರೆ ಈ ಸಂಖ್ಯೆ ತಲುಪಿಸು: 800 46342. ಇದು ದುಬೈಯಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು, ಇಲ್ಲಿಂದ ಕರೆ ಉಚಿತ. ಪೊಲೀಸರ ಸಂಖ್ಯೆ 999.

ದುಡಿಯಲು ಹೊರಗೆ ಹೋಗಲೇಬೇಕು ಎಂಬ ನಿನ್ನ ಆಸೆಯಲ್ಲಿ ತಪ್ಪಿಲ್ಲ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪಾಸಾದರೆ ಇಸಿಆರ್ ತೊಡಕು ಹೋಗುತ್ತದೆ, ಮನೆಕೆಲಸವಲ್ಲದೆ ಬೇರೆ ಕೆಲಸಗಳಿಗೂ ಅರ್ಜಿ ಹಾಕಬಹುದು. ಯಾವ ಕೋರ್ಸ್ ಮಾಡಿದರೆ ಇಲ್ಲಿನ ಆಸ್ಪತ್ರೆಗಳಲ್ಲಿ ಸಹಾಯಕಿಯ ಕೆಲಸ ಸಿಗುತ್ತದೆ ಎಂದು ವಿಚಾರಿಸಿ ತಿಳಿಸುತ್ತೇನೆ. ಅಮ್ಮನಿಗೆ ನನ್ನ ಜೊತೆ ಮಾತನಾಡಬೇಕೆನಿಸಿದರೆ ಭಾನುವಾರ ಕರೆ ಮಾಡಿಸು, ಅಂದು ನನಗೆ ರಜೆ. ಅದಕ್ಕಿಂತ ಮೊದಲು ಪಾಸ್‌ಪೋರ್ಟ್ ಕೈಗೆ ಬಂತೋ ಇಲ್ಲವೋ, ಅದೊಂದನ್ನು ತಿಳಿಸು.