ಅತ್ತೆಯ ಸೋರೆ ಬುರುಡೆಯಲ್ಲಿ ಉಳಿದ ಬೀಜ

ಪ್ರಶ್ನೆ: ನಮ್ಮತ್ತೆ ತೀರಿಕೊಂಡು 14 ವರ್ಷ. ಮೊನ್ನೆ ಅಟ್ಟ ಗುಡಿಸುವಾಗ ಅವರು ಬೂದಿ ಬೆರೆಸಿ ಬುರುಡೆಯಲ್ಲಿ ಕಟ್ಟಿಟ್ಟಿದ್ದ ಸೋರೆ ಬೀಜ ಸಿಕ್ಕವು. ಹುಟ್ಟುತ್ತವಾ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಎಲ್ಲಾ ಒಂದೇ ಸಲ ಸುರಿಯಬೇಡಿ ತಾಯಿ, ಹತ್ತು ಬೀಜ ತಗೊಳ್ಳಿ ಸಾಕು. ಸೋರೆ ಬೀಜ ಸಾಮಾನ್ಯವಾಗಿ ಐದಾರು ವರ್ಷ ತಾಳುತ್ತದೆ. ಈರುಳ್ಳಿಯದಂತೂ ಬಲು ಅಲ್ಪಾಯುಷ್ಯ. ಎಸೆಯೋಕೆ ಮನಸ್ಸಾಗದೆ ಮೂರು ವರ್ಷದ ಹಳೇ ಬೀಜ ಚೆಲ್ಲಿ ಮಡಿ ತುಂಬ ಬರೀ ಕಳೆ ಕಿತ್ತವನು ನಾನು. ಆದರೂ ಆಸೆ ಬಿಡಬೇಡಿ. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತಿದೆ. ಒಣ ಹವೆಯೇ ಅದನ್ನು ಕಾಪಾಡಿದ್ದು. ನಿಮ್ಮ ಚಳ್ಳಕೆರೆಯಲ್ಲೂ ಒಣಹವೆಗೇನು ಬರವೇ!

ಬೀಜದ ಚೂಪು ತುದಿಯಲ್ಲಿ ಬೇರು ಒಡೆಯುತ್ತದೆ, ಅದನ್ನು ಮುಟ್ಟಬೇಡಿ. ಪಕ್ಕದ ಅಂಚನ್ನು ಉಜ್ಜುಕಾಗದದಲ್ಲಿ ತುಸುವೇ ಉಜ್ಜಿ. ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನೆನೆಸಿ, ಅಷ್ಟೇ. ಹಳೇ ಬೀಜ ಬೇಗ ಕೊಳೆಯುತ್ತದೆ. ತೇಲಿದ್ದನ್ನು ಎಸೆಯಬೇಡಿ, ತೇಲಿದ್ದೆಲ್ಲ ಜೊಳ್ಳಲ್ಲ. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು, ಒಲೆಯ ಹತ್ತಿರ ಬೆಚ್ಚಗಿರುವ ಕಡೆ ಇಡಿ. ದಿನಾ ಬಿಚ್ಚಿ ನೋಡಿ, ಬೂಸ್ಟು ಹಿಡಿದದ್ದನ್ನು ತೆಗೆಯಿರಿ. ಹೊಸ ಬೀಜಕ್ಕೆ ವಾರ ಸಾಕು, ಇವಕ್ಕೆ ಮೂರು ವಾರ ಕಾಯಿರಿ.

ಒಂದೇ ಒಂದು ಬಳ್ಳಿ ಬಂದರೂ ಸಾಕು. ಸೋರೆ ಹೂ ಅರಳೋದು ಸಂಜೆಗೆ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಸವರಿ. ಮೊದಲ ಕಾಯಿ ಬೀಜಕ್ಕೆ, ಸಾಂಬಾರಿಗಲ್ಲ. ಮನೆಯವರಿಗೆ ಈಗಲೇ ಹೇಳಿಟ್ಟಿರಿ.