ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಮಗುವಿನ ತೂಕ ಇಳಿಯುತ್ತಿದೆ, ಡಾಕ್ಟರ್ ದಿನಾ 'ಸ್ಟೇಬಲ್' ಅನ್ನುತ್ತಾರೆ. ಮಗು ಸುಧಾರಿಸುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. 30 ವಾರಕ್ಕೆ ಹೆರಿಗೆ, ಹುಟ್ಟಿದಾಗ 1200 ಗ್ರಾಂ, ಇವತ್ತು ಆರನೇ ದಿನ 1090. ನಿಮ್ಮ ಮನೆಯವರು ಇನ್ನೂ ಬಾಣಂತಿ ವಾರ್ಡಿನಲ್ಲಿ, ನೀವು ಎನ್‌ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ. ಆ ಬೆಂಚು ನನಗೆ ಚೆನ್ನಾಗಿ ಗೊತ್ತು ಸರ್. 55 ದಿನ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಅರಸೀಕೆರೆ ಕಡೆ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವವನು. ನಮ್ಮ ಮಗಳು 29 ವಾರಕ್ಕೆ ಹುಟ್ಟಿದಳು, 1080 ಗ್ರಾಂ. ನನ್ನ ಹೆಂಡತಿಗೆ ಬಿಪಿ ಏರಿದ್ದು ಇಳಿಯಲೇ ಇಲ್ಲ, ಆಪರೇಷನ್ ಮಾಡಿ ತೆಗೆದರು. ಈಗ ಮಗಳಿಗೆ ಮೂರು ವರ್ಷ, ಅಂಗಡಿಯ ನಟ್ಟು ಬೋಲ್ಟಿನ ಡಬ್ಬಿಗಳನ್ನು ಬೋರಲು ಹಾಕುವುದೇ ಅವಳ ಕೆಲಸ.

ತೂಕದ ವಿಷಯ ಮೊದಲು ಮುಗಿಸೋಣ. ಅದು ಇಳಿಯುತ್ತದೆ. ಮೈಯಲ್ಲಿ ಹೆಚ್ಚಾಗಿದ್ದ ನೀರು ಮೊದಲ ವಾರದಲ್ಲಿ ಮೂತ್ರವಾಗಿ ಹೋಗುತ್ತದೆ. ತಿಂಗಳು ತುಂಬದ ಮಕ್ಕಳಲ್ಲಿ ನೂರಕ್ಕೆ ಹತ್ತು, ಕೆಲವೊಮ್ಮೆ ಹದಿನೈದರಷ್ಟು ತೂಕ ಇಳಿಯುವುದು ಮಾಮೂಲು. ನಿಮ್ಮ ಮಗುವಿಗೆ ಇಳಿದಿರುವುದು 110 ಗ್ರಾಂ, ಅಂದರೆ ನೂರಕ್ಕೆ ಒಂಬತ್ತು. ಹುಟ್ಟಿದ ತೂಕಕ್ಕೆ ವಾಪಸ್ ಬರಲು ಸುಮಾರು 10ರಿಂದ 14 ದಿನ ಬೇಕು, ಇನ್ನೂ ಚಿಕ್ಕ ಮಕ್ಕಳಿಗೆ ಅದಕ್ಕಿಂತ ಜಾಸ್ತಿ. ನಮ್ಮವಳು 960ಕ್ಕೆ ಇಳಿದು 16ನೇ ದಿನ ಮತ್ತೆ 1080 ಮುಟ್ಟಿದಳು. ಅಲ್ಲಿಂದ ಮುಂದೆ ಮಗುವಿನ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 15 ಗ್ರಾಂ ಆಸುಪಾಸು ಏರಿದರೆ ಒಳ್ಳೆಯದು ಅನ್ನುತ್ತಾರೆ. ಹದಿನೈದು ಗ್ರಾಂ ಎಷ್ಟು ಅಂತ ತಿಳಿಯಲು ಒಂದು ದಿನ ಅಂಗಡಿ ತಕ್ಕಡಿಯಲ್ಲಿ ಮೊಳೆ ಹಾಕಿ ನೋಡಿದ್ದೆ. ಬೆರಳಲ್ಲಿ ಎಣಿಸುವಷ್ಟು ಮೊಳೆ, ಅಷ್ಟೇ. ಅಷ್ಟಕ್ಕೆ ನಾವು ರಾತ್ರಿ ನಿದ್ದೆ ಬಿಡುತ್ತೇವೆ.

ಈ ತೂಕದ ಹುಚ್ಚು ನನಗೆ ಎಷ್ಟಿತ್ತು ಅಂದರೆ ಕೇಳಿ. 12ನೇ ದಿನ ಒಂದೇ ಸಲಕ್ಕೆ 40 ಗ್ರಾಂ ಏರಿತ್ತು. ನಾನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ, ಆಸ್ಪತ್ರೆ ಎದುರಿನ ಬೇಕರಿಯಿಂದ ಅರ್ಧ ಕೆಜಿ ಮೈಸೂರು ಪಾಕ್ ತಂದು ಬೆಂಚಿನಲ್ಲಿದ್ದವರಿಗೆಲ್ಲಾ ಹಂಚಿದೆ. ಮಾರನೇ ದಿನ 35 ಗ್ರಾಂ ಇಳಿದಿತ್ತು. ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ ಕೂಗಾಡಿದೆ, ಮಗುವಿಗೆ ಹಾಲೇ ಕೊಟ್ಟಿಲ್ಲ ನೀವು ಅಂತ. ಪಾಪ, ಆ ಹುಡುಗಿಗೆ ನನ್ನ ತಂಗಿಯ ವಯಸ್ಸು. ಆಮೇಲೆ ಸಿಸ್ಟರ್ ಕರೆದು ತೋರಿಸಿದರು. ಕೈಗೆ ಡ್ರಿಪ್ ಸೂಜಿ ಹಾಕಿದಾಗ ಕೈ ಅಲ್ಲಾಡದ ಹಾಗೆ ಒಂದು ಸಣ್ಣ ಪಟ್ಟಿ ಇಟ್ಟು ಪ್ಲಾಸ್ಟರ್ ಸುತ್ತಿರುತ್ತಾರಲ್ಲ, ಹಿಂದಿನ ದಿನ ಅದರ ಸಮೇತ ತೂಗಿದ್ದರು. ಈ ದಿನ ಅದನ್ನು ಬಿಚ್ಚಿದ್ದರು. ನಾನು ಮೈಸೂರು ಪಾಕ್ ಹಂಚಿದ್ದು ಆ ಪಟ್ಟಿಗೆ. ಡಾಕ್ಟರಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ, ಅವರು 'ಪರವಾಗಿಲ್ಲ ಬಿಡಿ, ಎಲ್ಲಾ ಅಪ್ಪಂದಿರೂ ಹೀಗೇ' ಅಂದರು.

ಅದಕ್ಕೇ ಹೇಳುತ್ತೇನೆ, ಇವತ್ತಿನ ತೂಕವನ್ನು ನಿನ್ನೆಯದ್ದರ ಜೊತೆ ಹೋಲಿಸಬೇಡಿ. ಈ ಸೋಮವಾರದ್ದನ್ನು ಹೋದ ಸೋಮವಾರದ್ದರ ಜೊತೆ ಇಟ್ಟು ನೋಡಿ.

ಇನ್ನು 'ಸ್ಟೇಬಲ್'. ನನಗೂ ಆ ಪದ ಕೇಳಿದರೆ ಮೈ ಉರಿಯುತ್ತಿತ್ತು. ನಿನ್ನೆಯಿಂದ ಹೊಸ ತೊಂದರೆ ಏನೂ ಬಂದಿಲ್ಲ ಅಂತ ಅದರ ಅರ್ಥ, ಮೊದಲ ವಾರದಲ್ಲಿ ಅದು ಸಣ್ಣ ಮಾತಲ್ಲ. ಆದರೆ ತಪ್ಪು ನಮ್ಮ ಪ್ರಶ್ನೆಯದ್ದೂ ಹೌದು. 'ಹೇಗಿದೆ ಸರ್ ಮಗು' ಅಂದರೆ ಅವರು ಇನ್ನೇನು ಹೇಳಬೇಕು? ಎರಡನೇ ವಾರದಿಂದ ನಾನು ಅಂಗಡಿಯ ಒಂದು ಹಳೇ ಸಾಲದ ಪುಸ್ತಕ ತಂದಿಟ್ಟುಕೊಂಡೆ. ಹಿಂದಿನ ಪುಟಗಳಲ್ಲಿ ಯಾರ್ಯಾರದೋ ಸಿಮೆಂಟು, ಕಬ್ಬಿಣದ ಬಾಕಿ, ಮುಂದಿನ ಪುಟಗಳಲ್ಲಿ ಮಗಳ ಲೆಕ್ಕ. ದಿನಾ ಕೇಳುತ್ತಿದ್ದದ್ದು ಇಷ್ಟೇ: ಆಕ್ಸಿಜನ್ ಎಷ್ಟು ಪರ್ಸೆಂಟ್ ಇಟ್ಟಿದ್ದೀರಿ, ಒಂದು ಸಲಕ್ಕೆ ಹಾಲು ಎಷ್ಟು ಎಂಎಲ್, ಉಸಿರು ನಿಲ್ಲಿಸಿತ್ತಾ, ಹೊಸ ಔಷಧಿ ಏನಾದರೂ ಶುರು ಮಾಡಿದಿರಾ ಅಥವಾ ನಿಲ್ಲಿಸಿದಿರಾ. ಎರಡು ನಿಮಿಷದ ಮಾತು. ಪುಸ್ತಕ ನೋಡಿದ ಮೇಲೆ ಡಾಕ್ಟರುಗಳೂ ನಿಂತು ಸರಿಯಾಗಿ ಹೇಳತೊಡಗಿದರು.

ಆಕ್ಸಿಜನ್ ಲೆಕ್ಕ ಸುಲಭ. ನಾವು ನೀವು ಉಸಿರಾಡುವ ಗಾಳಿಯಲ್ಲೇ ಅದು 21 ಪರ್ಸೆಂಟ್ ಇದೆ. ಮಗುವಿಗೆ 40 ಇಟ್ಟಿದ್ದು 30 ಆಗಿ, 25 ಆಗಿ, 21ಕ್ಕೆ ಬಂತು ಅಂದರೆ ನಮ್ಮದೇ ಗಾಳಿಗೆ ಬಂತು ಅಂತ. ನಮ್ಮವಳಿಗೆ ಮೊದಲ ದಿನ ಶ್ವಾಸಕೋಶಕ್ಕೆ ಸರ್ಫ್ಯಾಕ್ಟಂಟ್ ಅನ್ನುವ ಔಷಧಿ ಬಿಟ್ಟರು. ಶ್ವಾಸಕೋಶದೊಳಗಿನ ಪುಟ್ಟ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದ ಹಾಗೆ ತಡೆಯುವ ಜಿಡ್ಡು ಅದು, ಬೇಗ ಹುಟ್ಟಿದ ಮಕ್ಕಳಲ್ಲಿ ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಆಮೇಲೆ 11 ದಿನ ಸಿಪ್ಯಾಪ್, ಅಂದರೆ ಒತ್ತಡದಲ್ಲಿ ಗಾಳಿ ಬಿಟ್ಟು ಉಸಿರಿಗೆ ಆಸರೆ ಕೊಡುವ ಯಂತ್ರ. ಮೂಗಿಗೆ ಸಣ್ಣ ನಳಿಗೆ, ಪಕ್ಕದಲ್ಲಿ ನೀರಿನ ಬಾಟಲಿ ಗುಳುಗುಳು ಅನ್ನುತ್ತಿರುತ್ತದೆ. ಆ ಗುಳುಗುಳು ನಿಂತರೆ ಸಿಸ್ಟರ್ ಓಡಿ ಬರುತ್ತಿದ್ದರು.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಮಾನಿಟರ್‌ನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿರುವ ಆಕ್ಸಿಜನ್ ಮಟ್ಟ, 100 ಕಂಡರೆ ನಾವು ಖುಷಿಪಡುತ್ತೇವೆ, ಅಲ್ವಾ? ಆಕ್ಸಿಜನ್ ಮೇಲಿರುವ ಇಷ್ಟು ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ 90ರಿಂದ 95ರ ನಡುವೆ ಇರಲಿ ಅಂತಲೇ ನೋಡಿಕೊಳ್ಳುತ್ತಾರೆ. ಆಕ್ಸಿಜನ್ ಜಾಸ್ತಿಯಾದರೆ ಕಣ್ಣಿಗೆ ಕೆಟ್ಟದ್ದು. ಹಾಗಾಗಿ 98 ಇದ್ದಾಗ ಸಿಸ್ಟರ್ ಬಂದು ಆಕ್ಸಿಜನ್ ಕಡಿಮೆ ಮಾಡಿದರೆ ಜಗಳಕ್ಕೆ ಹೋಗಬೇಡಿ. ನಾನು ಹೋಗಿದ್ದೆ.

ಉಸಿರು ನಿಲ್ಲುವುದು ನೋಡಲು ಭಯಂಕರ. ಮಗು ಸುಮ್ನೆ ಉಸಿರಾಡುವುದನ್ನೇ ಮರೆತುಬಿಡುತ್ತದೆ. 20 ಸೆಕೆಂಡ್ ದಾಟಿದರೆ ಅಪ್ನಿಯಾ ಅನ್ನುತ್ತಾರೆ. ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ. ಸಿಸ್ಟರ್ ಪಾದಕ್ಕೆ ಮೆಲ್ಲಗೆ ಚಿಟಿಕೆ ಹೊಡೆದರೆ ಮತ್ತೆ ಶುರು. ಇದಕ್ಕೆ ಕೊಡುವ ಔಷಧಿ ಯಾವುದು ಗೊತ್ತಾ, ಕೆಫೀನ್. ನಮ್ಮಮ್ಮನಿಗೆ ಹೇಳಿದಾಗ ಮೊದಲ ಸಲ ಅವರು ಆಸ್ಪತ್ರೆಯಲ್ಲಿ ನಕ್ಕಿದ್ದು. 'ಹಾಸನ ಜಿಲ್ಲೆ ಹುಡುಗಿ, ಹುಟ್ಟಿದ ತಕ್ಷಣ ಕಾಫಿ ಬೇಕು ಅಂದಳು ನೋಡು' ಅಂದರು.

ಹಾಲಿನ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ನೀವು ನಿಜವಾಗಿ ಕಣ್ಣಿಡಬೇಕಾದ್ದು ಇದಕ್ಕೆ. ಮೊದಲು ಎರಡು ಗಂಟೆಗೊಮ್ಮೆ ಒಂದು ಎಂಎಲ್. ಬಾಯಿಂದ ಹೊಟ್ಟೆಗೆ ಇಳಿಸಿದ ದಾರದಂಥ ಟ್ಯೂಬಿನಲ್ಲಿ. ದೇವಸ್ಥಾನದಲ್ಲಿ ಉದ್ಧರಣೆಯಲ್ಲಿ ತೀರ್ಥ ಕೊಡುತ್ತಾರಲ್ಲ, ಅದಕ್ಕಿಂತ ಕಡಿಮೆ. ಅದು ಅರಗಿದರೆ ಎರಡು, ಆಮೇಲೆ ಮೂರು. ಹಾಲು ಏರಿದ ಹಾಗೆ ಡ್ರಿಪ್ ಇಳಿಯುತ್ತದೆ, ಡ್ರಿಪ್ ಹೋದರೆ ಸೂಜಿ ಹೋಗುತ್ತದೆ, ಸೂಜಿ ಹೋದರೆ ಇನ್‌ಫೆಕ್ಷನ್ ಭಯ ಅಷ್ಟು ಕಡಿಮೆ. ನನ್ನ ಪುಸ್ತಕದಲ್ಲಿ ತೂಕದ ಸಾಲು ಮೇಲೆ ಕೆಳಗೆ ಕುಣಿದಿದೆ, ಹಾಲಿನ ಸಾಲು ಮಾತ್ರ ಮೆಟ್ಟಿಲು ಹತ್ತಿದ ಹಾಗಿದೆ. ಒಂದು ಕಡೆ ಬಿಟ್ಟು.

ಅದು 19ನೇ ದಿನ. ಹೊಟ್ಟೆ ಉಬ್ಬಿತು, ಟ್ಯೂಬಿನಲ್ಲಿ ಹಸಿರು ಬಂತು. ಒಂದು ಸಲಕ್ಕೆ 14 ಎಂಎಲ್ ಕುಡಿಯುತ್ತಿದ್ದವಳಿಗೆ ಹಾಲು ಪೂರ್ತಿ ಬಂದ್. ಎಕ್ಸ್‌ರೇ, ರಕ್ತ ಪರೀಕ್ಷೆ, ಆಂಟಿಬಯಾಟಿಕ್. ಕರುಳಿಗೆ ಬರುವ ಕೆಟ್ಟ ಕಾಯಿಲೆ ಒಂದಿದೆ, ಎನ್‌ಇಸಿ ಅಂತ, ಅದಿರಬಹುದೇನೋ ಅಂದರು. ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ವರದಿಗೆ ಎರಡು ದಿನ ಕಾಯಬೇಕು. ಆ ಎರಡು ದಿನದ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಪುಸ್ತಕದಲ್ಲಿ ಹಾಲಿನ ಜಾಗದಲ್ಲಿ ನಾಲ್ಕು ದಿನ ಸೊನ್ನೆ ಇದೆ, ಐದನೇ ದಿನ ಮತ್ತೆ 1. ಇಂಥದ್ದು ನಿಮಗೂ ಬರಬಹುದು. ಬಂದರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ, 34 ದಿನ ಕಳೆದು ಅದೇ ಮಗುವನ್ನು ನಾವು ಕಾರಿನಲ್ಲಿ ಕರೆದುಕೊಂಡು ಹೋದೆವು.

ತಾಯಿ ಹಾಲೇ ಆದರೆ ಈ ಕರುಳಿನ ಅಪಾಯ ಕಡಿಮೆ. ಹಾಗಾಗಿ ನಿಮ್ಮ ಮನೆಯವರು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡಬೇಕು. ಮಗು ಪಕ್ಕದಲ್ಲಿಲ್ಲದೆ ಇದು ಎಷ್ಟು ಕಷ್ಟ ಅಂತ ಗಂಡಸರಿಗೆ ಅರ್ಥವಾಗುವುದಿಲ್ಲ. ನನ್ನ ಹೆಂಡತಿಗೆ ಮೊದಲೆರಡು ದಿನ ಬಂದದ್ದು ಸಿರಿಂಜಿನ ತಳ ಒದ್ದೆಯಾಗುವಷ್ಟು ಹಳದಿ ಹಾಲು. 'ಇಷ್ಟಕ್ಕೆ ಏನು ಕೊಡೋದು ರೀ' ಅಂತ ಅತ್ತಳು. ಸಿಸ್ಟರ್ ಅದನ್ನೂ ಒಂದು ಹನಿ ಬಿಡದೆ ಇಸಿದುಕೊಂಡು ಹೋದರು. ಆ ಗಿಣ್ಣು ಹಾಲೇ ಮಗುವಿಗೆ ಚಿನ್ನ. ನಿಮ್ಮ ಕೆಲಸ ಏನು ಅಂದರೆ ಡಬ್ಬಿ ತೊಳೆದು ಕುದಿಸಿಡುವುದು, ಅಲಾರಂ ಇಡುವುದು, ನೀರು ಊಟ ನೋಡುವುದು, ಜೊತೆಗೆ 'ಇಷ್ಟೇನಾ' ಅನ್ನುವ ಮಾತು ಬಾಯಿಂದ ಬರದ ಹಾಗೆ ಇರುವುದು. ಹಾಲು ಏನು ಮಾಡಿದರೂ ಸಾಲದಿದ್ದರೆ ಎದೆಹಾಲಿನ ಬ್ಯಾಂಕ್ ಬಗ್ಗೆ ಕೇಳಿ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಒಂದಿದೆ.

ಗರ್ಭದ ಲೆಕ್ಕದಲ್ಲಿ 34 ವಾರದ ಹತ್ತಿರ ಬಂದಾಗ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಕೂಡಿಬರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಸಿಸ್ಟರ್ 'ಪಾಲಡೈ ತನ್ನಿ' ಅಂದರು. ನಾನು ಎರಡು ಮೆಡಿಕಲ್ ಶಾಪ್ ಸುತ್ತಿ ಬಂದೆ. ನಮ್ಮತ್ತೆ ನೋಡಿ, 'ಒಳಲೆ ಅನ್ನೋದಕ್ಕೆ ಇಷ್ಟು ಓಡಾಡಿದ್ರಾ' ಅಂದರು. ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು ಅದು, ಊರಲ್ಲಿ ಬೆಳ್ಳಿಯದೇ ಇತ್ತು.

ನೆಂಟರು ಫೋನ್ ಮಾಡುತ್ತಾರೆ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ನಿಮ್ಮದು ಏಳಕ್ಕೆ ಆದ್ದರಿಂದ ಸಮಾಧಾನಕ್ಕೆ ಹೇಳುತ್ತಾರೆ ಅನ್ನಿ, ಆದರೆ ಪಕ್ಕದ ಬೆಂಚಿನಲ್ಲಿ ಎಂಟು ತಿಂಗಳಿನ ಮಗುವಿನ ತಾಯಿ ಕೂತಿರುತ್ತಾರೆ. ಅದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಒಂದು ವಾರ ಜಾಸ್ತಿ ಇದ್ದಷ್ಟೂ ಮಗು ಗಟ್ಟಿ. ಫೋನ್ ಎತ್ತಲು ಅಣ್ಣನನ್ನೋ ಭಾವನನ್ನೋ ಒಬ್ಬರನ್ನು ಇಟ್ಟುಬಿಡಿ.

ಕಾಂಗರೂ ಆರೈಕೆ ಯಾವಾಗ ಶುರು ಅಂತ ನಾಳೆಯೇ ಕೇಳಿ. ಡಾಕ್ಟರ್ ತಾವಾಗಿ ಮಾತೆತ್ತಲಿ ಅಂತ ಕಾಯಬೇಡಿ. ಬಟ್ಟೆ ಇಲ್ಲದ ಮಗುವನ್ನು, ಟೋಪಿ ಡೈಪರ್ ಮಾತ್ರ ಹಾಕಿ, ಅಪ್ಪನದೋ ಅಮ್ಮನದೋ ಬರೀ ಎದೆಯ ಮೇಲೆ ಮಲಗಿಸಿ ಕಟ್ಟುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅನ್ನುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಸರ್ಕಾರದ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ಹೇಳಿಕೊಟ್ಟು ಮುಂದುವರಿಸಿದ ಕೆಲಸ.

ನನ್ನನ್ನು ಸಿಸ್ಟರ್ ಕರೆದಾಗ 'ನಾನಾ, ಅವಳನ್ನು ಕರೀರಿ' ಅಂದೆ. 'ಶರ್ಟು ಬಿಚ್ಚಿ ಸರ್, ಟೈಮ್ ಇಲ್ಲ' ಅಂದರು. ನೋಡಿ, ಒಂದು ಕೆಜಿಯ ಮಗು ಅಂದರೆ ಎದೆಯ ಮೇಲೆ ಏನೂ ಇಟ್ಟ ಹಾಗೇ ಇರುವುದಿಲ್ಲ. ಬಿಸಿ ಮಾತ್ರ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೆ ಅವಳ ಉಸಿರಿನ ಓಟ ಇಳಿಯಿತು, ಮಾನಿಟರ್ 93ರಲ್ಲಿ ನಿಂತಿತು. ಒಂದು ಕೈ ಬಿಚ್ಚಿ ನನ್ನ ಎದೆಗೂದಲು ಹಿಡಿದುಕೊಂಡಳು. ಉಗುರು ಅಕ್ಕಿಯ ನುಚ್ಚಿನಷ್ಟಿತ್ತು. ಎರಡು ಗಂಟೆ ಬೆನ್ನು ಅಲ್ಲಾಡಿಸಲಿಲ್ಲ ನಾನು.

ದುಡ್ಡಿನ ವಿಷಯ ಚುಟುಕಾಗಿ. ನೀವು ಎಲ್ಲಿದ್ದೀರಿ ಅಂತ ಬರೆದಿಲ್ಲ. ಸರ್ಕಾರಿ ಆಸ್ಪತ್ರೆಯಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಔಷಧಿ, ಪರೀಕ್ಷೆ, ರಕ್ತ ಎಲ್ಲಾ ಉಚಿತ. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ವಿಭಾಗಕ್ಕೆ ಎಸ್‌ಎನ್‌ಸಿಯು ಅನ್ನುತ್ತಾರೆ. ಖಾಸಗಿಯಾದರೆ ಬಿಲ್ಲಿನ ಅಂದಾಜನ್ನು ವಾರಕ್ಕೊಮ್ಮೆ ಬರೆದು ಕೊಡಲು ಕೇಳಿ, ಆಯುಷ್ಮಾನ್ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ನಾನು ಮುಜುಗರಪಟ್ಟು ಮೂರು ವಾರ ಕೇಳಲಿಲ್ಲ, ಆಮೇಲೆ ಒಂದು ಸೈಟು ಹೋಯಿತು.

ನಮ್ಮವಳು ಮನೆಗೆ ಬಂದಾಗ 1780 ಗ್ರಾಂ. ಬಾಣಂತನದ ಉತ್ಸಾಹದಲ್ಲಿ ಅಮ್ಮ ಎಣ್ಣೆ ನೀರು, ಲೋಬಾನದ ಹೊಗೆ, ಬಜೆ, ಜೇನು ಎಲ್ಲಾ ತಯಾರಿ ಮಾಡಿದ್ದರು. ಹೊಗೆ, ಬಜೆ, ಜೇನು ಯಾವುದೂ ಬೇಡ, ಸ್ನಾನ ಸದ್ಯಕ್ಕೆ ಬೇಡ, ಒರೆಸಿದರೆ ಸಾಕು ಅಂತ ಡಾಕ್ಟರ್ ಬಾಯಿಂದಲೇ ಅಮ್ಮನಿಗೆ ಹೇಳಿಸಿದೆ. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ.

ಕೊನೆಗೆ ಒಂದು ತಾರೀಖು, ಇದನ್ನು ಈಗಲೇ ಬರೆದಿಟ್ಟುಕೊಳ್ಳಿ. ಆರ್‌ಒಪಿ ಅನ್ನುವ ಕಣ್ಣಿನ ತೊಂದರೆ ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಸಮಯಕ್ಕೆ ಹಿಡಿಯದಿದ್ದರೆ ಮಗುವಿನ ದೃಷ್ಟಿಯೇ ಹೋಗಬಹುದು. 34 ವಾರಕ್ಕಿಂತ ಮೊದಲು ಅಥವಾ 2000 ಗ್ರಾಂಗಿಂತ ಕಡಿಮೆ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು, ತೀರಾ ಚಿಕ್ಕವರಿಗೆ ಇನ್ನೂ ಮುಂಚೆ. ಒಂದೇ ಸಲ ಅಲ್ಲ, ಅವರು ಸಾಕು ಅನ್ನುವವರೆಗೆ. ನಿಮ್ಮದು ಸಣ್ಣ ಊರಾದರೂ ಹೆದರಬೇಡಿ, 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಎನ್‌ಐಸಿಯುಗಳಿಗೇ ಬಂದು ನೋಡುತ್ತಿದೆ. ಮಗು ಅಷ್ಟರಲ್ಲಿ ಮನೆಗೆ ಹೋಗಿದ್ದರೆ ಇದು ಮರೆತೇ ಹೋಗುತ್ತದೆ. ನಿಮ್ಮ ಮಗುವಿಗೆ ಇವತ್ತು ಆರು ದಿನ, ಅಂದರೆ ಇನ್ನು 24 ದಿನದೊಳಗೆ. ಕ್ಯಾಲೆಂಡರಿನಲ್ಲಿ ಗುಂಡಗೆ ಸುತ್ತಿ, ಸಿಸ್ಟರ್‌ಗೂ ಒಂದು ಮಾತು ಹೇಳಿಡಿ.